ಬಗ್ಗಿದ ತಲೆಯ ಸಾಕ್ಷಿ

ಊಟಿಯ ಒಂದು ಸಭಾಭವನದಲ್ಲಿ ನನ್ನ ತಮ್ಮನಿಗೆ ಸುರಕ್ಷತೆಯ ಪಾಠ ಹೇಳಿಕೊಟ್ಟರು. ಅವನಂಥವರಿಗೂ ಅವರನ್ನು ನೋಡಿಕೊಳ್ಳುವ ನಮ್ಮಂಥವರಿಗೂ ಸೇರಿಸಿ ಒಂದು ದಿನದ ತರಬೇತಿ. ಬಯಲುಸೀಮೆಯಿಂದ ಬಂದಿದ್ದ ಒಬ್ಬ ಹೆಂಗಸು ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರ ಬಿಟ್ಟು ತೋರಿಸಿದರು. ಕಪ್ಪು ಕನ್ನಡಕ, ಕುರುಚಲು ಗಡ್ಡ, ಕೈಯಲ್ಲಿ ಚಾಕಲೇಟು, ಹಿಂದೆ ಬಾಗಿಲು ತೆರೆದು ನಿಂತ ಕಾರು. ಇವರು ಯಾರು? ಗೊತ್ತಿಲ್ಲದವರು. ಗೊತ್ತಿಲ್ಲದವರು ಕರೆದರೆ ಏನು ಮಾಡಬೇಕು? ಹೋಗಬಾರದು. ಅಲ್ಲಿದ್ದವರೆಲ್ಲ ಒಟ್ಟಿಗೆ ಹೇಳಿದರು, ತಮ್ಮನೂ ಹೇಳಿದ. ನಾನು ಕೈ ಎತ್ತಿ, ಗೊತ್ತಿರುವವರೇ ಕೆಟ್ಟವರಾದರೆ ಏನು ಮಾಡುವುದು ಎಂದು ಕೇಳಿದೆ. ಆಕೆ ನಕ್ಕು, ಅದು ಮುಂದಿನ ತರಬೇತಿಯಲ್ಲಿ ಬರುತ್ತದೆ ಅಂದರು. ಆ ಮುಂದಿನ ತರಬೇತಿ ಇವತ್ತಿಗೂ ಬಂದಿಲ್ಲ.

ತಮ್ಮನಿಗೆ ಮೂವತ್ತು ದಾಟಿದೆ. ಅವನಿಗಿರುವುದಕ್ಕೆ ಆಟಿಸಂ ಎಂದು ಹೆಸರು ಎಂಬುದು ಕೊಯಮತ್ತೂರಿನ ಡಾಕ್ಟರು ಹೇಳುವವರೆಗೆ ನಮಗೆ ಗೊತ್ತಿರಲಿಲ್ಲ. ಹಟ್ಟಿಯಲ್ಲಿ, ಅಂದರೆ ನಮ್ಮ ಊರಿನಲ್ಲಿ, ಅವನನ್ನು 'ಪಾಪದವ' ಎನ್ನುತ್ತಿದ್ದರು, ಈಗಲೂ ಹಾಗೆಯೇ ಎನ್ನುತ್ತಾರೆ. ಅವನು ಪಾಪದವನೇನಲ್ಲ. ತನ್ನ ತಟ್ಟೆಯನ್ನು ಬೇರೆಯವರು ಮುಟ್ಟಿದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಮಾತು ಕಡಿಮೆ. ನೀವು ಏನಾದರೂ ಕೇಳಿದರೆ ಹೆಚ್ಚಾಗಿ ನಿಮ್ಮ ಪ್ರಶ್ನೆಯ ಕೊನೆಯ ತುಂಡನ್ನೇ ನಿಮಗೆ ತಿರುಗಿಸಿ ಕೊಡುತ್ತಾನೆ. ಆದರೆ ಟೀ ಎಲೆ ಕೀಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದು ಸಾಲು ಹಿಡಿದರೆ ಅದು ಮುಗಿಯುವವರೆಗೆ ಮಳೆ ಬಂದರೂ ತಲೆ ಎತ್ತುವುದಿಲ್ಲ. ಎಮರಾಲ್ಡ್ ಅಣೆಕಟ್ಟಿನ ಮೇಲುಗಡೆ ನಮಗೆ ಒಂದಿಷ್ಟು ಟೀ ತೋಟ ಇದೆ. ಅಮ್ಮ ಮತ್ತು ಅವನು ಅದನ್ನು ನೋಡಿಕೊಳ್ಳುತ್ತಾರೆ, ನಾನು ಬಜಾರಿನ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಹೋಗುತ್ತೇನೆ.

ಊಟಿಯ ಪಾಠವನ್ನು ಅವನು ಅಕ್ಷರ ಬಿಡದೆ ಕಲಿತ. ಅಮ್ಮನ ಬಿ.ಪಿ. ನೋಡಲು ಬಂದ ಹೊಸ ನರ್ಸಮ್ಮನ ಮುಖಕ್ಕೇ ಬಾಗಿಲು ಹಾಕಿದ. ಬಸ್ಸಿನಲ್ಲಿ ಹೊಸ ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಕೂಗಿಕೊಂಡು ಅರ್ಧ ದಾರಿಯಲ್ಲೇ ಇಳಿದುಬಿಟ್ಟ. ಅಣೆಕಟ್ಟಿಗೆ ದಾರಿ ಕೇಳಿದ ಪ್ರವಾಸಿಗರನ್ನು ಕಂಡು ಓಡಿದ. ಹಟ್ಟಿಯವರಿಗೆಲ್ಲ ನಗುವೋ ನಗು. "ನಿನ್ನ ತಮ್ಮ ಬಲೇ ಜಾಣ ಆಗಿಬುಟ್ಟ!" ಎಂದು ನನ್ನನ್ನು ರೇಗಿಸಿದರು. ನಾನೂ ನಕ್ಕೆ.

ಆದರೆ ನಮ್ಮ ಹಟ್ಟಿಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಒಂದೇ ಗೋಡೆ ಹಂಚಿಕೊಂಡ ಮನೆಗಳ ಸಾಲು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯಲ್ಲಿ ಸೀನುತ್ತಾರೆ. ಎಲ್ಲರೂ ಮಾಮ, ಎಲ್ಲರೂ ಅಣ್ಣ, ಎಲ್ಲರೂ ದೊಡ್ಡಮ್ಮ. ಹಿರಿಯರು ಎದುರಿಗೆ ಬಂದರೆ ಕಿರಿಯರು ಟೋಪಿ ತೆಗೆದು ತಲೆ ಬಗ್ಗಿಸಬೇಕು, ಅವರು ನೆತ್ತಿಯ ಮೇಲೆ ಕೈ ಇಟ್ಟು ಹರಸುತ್ತಾರೆ. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ, ಚೆಂದದ ಪದ್ಧತಿ, ನಾನೂ ಎಷ್ಟೋ ಕೈಗಳ ಕೆಳಗೆ ತಲೆ ಬಗ್ಗಿಸಿ ಬೆಳೆದವಳು. ಉಳಿದ ಮಕ್ಕಳು ಒಮ್ಮೊಮ್ಮೆ ಕಣ್ಣು ತಪ್ಪಿಸಿ ಜಾರಿಕೊಳ್ಳುತ್ತಾರೆ. ತಮ್ಮನಿಗೆ ಜಾರಿಕೊಳ್ಳಲು ಬರುವುದಿಲ್ಲ. ನಲ್ಲಿಯ ಹತ್ತಿರ ಅದೇ ದೊಡ್ಡಪ್ಪ ಮೂರು ಸಲ ಎದುರಾದರೆ ಮೂರು ಸಲವೂ ಬಗ್ಗುತ್ತಾನೆ. ನೆತ್ತಿಯ ಮೇಲೆ ಕೈ ಬಿದ್ದಿತೆಂದರೆ ಆ ಕೈಯವರು ಮುಂದೆ ಏನು ಹೇಳಿದರೂ ಮಾಡುತ್ತಾನೆ. ಹಿರಿಯರ ಮಾತು ಕೇಳು ಎಂದು ಅಮ್ಮ ಅವನಿಗೆ ಎದೆಹಾಲಿನ ಜೊತೆಗೇ ಕುಡಿಸಿದ್ದಳು.

ಕಾಟಿ ಎಂಬ ಕಾಡುಕೋಣ ತೋಟಕ್ಕೆ ಇಳಿದರೆ ಇಡೀ ಹಟ್ಟಿ ಕೂಗಿ ಒಬ್ಬರಿಗೊಬ್ಬರು ಎಚ್ಚರಿಕೆ ಕೊಡುತ್ತೇವೆ. ಮನುಷ್ಯರ ವಿಷಯದಲ್ಲಿ ಹಾಗೆ ಕೂಗುವ ಅಭ್ಯಾಸ ನಮಗಿಲ್ಲ.

ನಮಗೆ ದೂರದಿಂದ ಮಾಮನಾಗಬೇಕಾದ ಒಬ್ಬ ಮನುಷ್ಯನಿದ್ದಾನೆ. ಪಿಕಪ್ ವ್ಯಾನ್ ಇಟ್ಟುಕೊಂಡು ಹಟ್ಟಿಯವರ ಟೀ ಎಲೆಯನ್ನು ತೂಕ ಹಾಕಿ ಕೊಳ್ಳುವ ಶೆಡ್ಡಿಗೆ ಸಾಗಿಸುತ್ತಾನೆ. ಹಸನ್ಮುಖಿ, ಸಾವಿಗೂ ಮದುವೆಗೂ ಮೊದಲು ಬರುವವನು. ಅವನು ತಮ್ಮನಿಗೆ ಒಂದು ಉಣ್ಣೆ ಟೋಪಿ ತಂದುಕೊಟ್ಟ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶೆಡ್ಡಿನವರೆಗೆ ಕರೆದುಕೊಂಡು ಹೋಗತೊಡಗಿದ. ಅಲ್ಲಿಯವರೆಗೆ ತಮ್ಮನನ್ನು ಯಾರೂ ಎಲ್ಲಿಗೂ ಸುಮ್ಮನೆ ಖುಷಿಗೆಂದು ಕರೆದುಕೊಂಡು ಹೋದದ್ದಿಲ್ಲ. ಅಮ್ಮನ ಸಂತೋಷ ನೋಡಬೇಕಿತ್ತು. "ಎನ್ನ ಮಗನಿಗೂ ಒಬ್ಬ ಜೊತೆಗಾರ ಸಿಕ್ಕಿದ" ಎಂದು ಬೆಣ್ಣೆ ಕಾಸಿದ ದಿನ ಅವನ ಮನೆಗೂ ತುಪ್ಪ ಕಳಿಸಿದಳು. ಆ ತುಪ್ಪ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಹೊತ್ತಿಗೇ ಕೆಳಗಿನ ಸಾಲಿನ ದೊಡ್ಡಮ್ಮನ ತೋಟದಲ್ಲಿ ಎಲೆ ಕಳುವಾಗತೊಡಗಿತು. ದೊಡ್ಡಮ್ಮ ಒಂಟಿ ಹೆಂಗಸು, ಮಂಡಿನೋವು, ಬೆಳಗ್ಗೆ ಬೇಗ ಏಳಲಾಗುವುದಿಲ್ಲ. ತೋಟ ಹಟ್ಟಿಯಿಂದ ಇಳಿಜಾರಿನಲ್ಲಿ, ಶೋಲೆ ಕಾಡಿನ ಅಂಚಿಗೆ. ಆಳು ಕರೆದುಕೊಂಡು ಅವಳು ಇಳಿಯುವಷ್ಟರಲ್ಲಿ ಚಿಗುರೆಲ್ಲ ಖಾಲಿ. ಒಂದು ದಿನ ನೋವು ನುಂಗಿಕೊಂಡು ಮಂಜು ಬಿಡುವ ಮುಂಚೆಯೇ ಇಳಿದಳು. ಸಾಲಿನ ನಡುವೆ ನನ್ನ ತಮ್ಮ ಇದ್ದ. ಬೆನ್ನ ಹಿಂದೆ ತುಂಬಿದ ಚೀಲ. ದೊಡ್ಡಮ್ಮ ಕೂಗಿದಳು, ಜನ ಸೇರಿದರು, ಅವನು ಮಾತ್ರ ಸಾಲು ಮುಗಿಯುವವರೆಗೆ ಎಲೆ ಕೀಳುತ್ತಲೇ ಇದ್ದನಂತೆ. ಎಂಥ ಧೈರ್ಯ ನೋಡಿ ಎಂದು ಜನ ಬೆರಗಾದರು. ಕಳ್ಳನಾದವನು ಓಡುತ್ತಾನೆ ಎಂಬಷ್ಟು ಬುದ್ಧಿ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಅವನನ್ನು ಏನೂ ಕೇಳಲಿಲ್ಲ. ಅವನನ್ನು ಕೇಳಿದರೆ ಕೇಳಿದವರ ಮಾತೇ ವಾಪಸ್ಸು ಬರುತ್ತದೆ. "ತೋರಿಸು" ಅಂದೆ. ಮಾರನೆಯ ಬೆಳಗ್ಗೆ ಅವನು ಮುಂದೆ, ನಾನು ಹಿಂದೆ. ಮನೆಯಿಂದ ಹೊರಟು ರಸ್ತೆಯ ತಿರುವಿನಲ್ಲಿ, ಮಾಮನ ವ್ಯಾನ್ ನಿಲ್ಲುವ ಜಾಗದಲ್ಲಿ, ನಿಂತ. ಟೋಪಿ ತೆಗೆದು ತಲೆ ಬಗ್ಗಿಸಿದ. ಅಲ್ಲಿ ಯಾರೂ ಇರಲಿಲ್ಲ, ಬರೀ ಮಂಜು. ಆಮೇಲೆ ಗಾಳಿಯಿಂದ ಚೀಲ ಇಸಿದುಕೊಂಡವನಂತೆ ಕೈ ಚಾಚಿ, ದೊಡ್ಡಮ್ಮನ ತೋಟಕ್ಕೆ ಇಳಿದ, ಎಲೆ ಮುಟ್ಟದೆ ಬರೀ ಕೈಯಾಡಿಸುತ್ತ ಸಾಲು ಮುಗಿಸಿದ, ಮತ್ತೆ ತಿರುವಿಗೆ ಹತ್ತಿ ಬಂದು ವ್ಯಾನಿನ ಹಿಂಬದಿಯ ಎತ್ತರಕ್ಕೆ ಸರಿಯಾಗಿ ಚೀಲ ಎತ್ತಿ ಇಡುವಂತೆ ಮಾಡಿದ. ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಯಾವ ವಿಷಯವನ್ನೂ ಹೇಳಿರಲಿಲ್ಲ.

ಭಾನುವಾರ ಊರ ಕೂಟ ಸೇರಿತು. ಗುಡಿಯ ಮುಂದಿನ ಹುಲ್ಲಿನ ಮೇಲೆ ಗಂಡಸರು ಬಿಳಿ ಹೊದಿಕೆ ಹೊದ್ದು ಕೂತರು, ನಡುವೆ ಊರ ಗೌಡರು. ಹೆಂಗಸರು ಗೋಡೆಯ ಬದಿಗೆ ನಿಲ್ಲಬೇಕು. ಗೌಡರು ಒಳ್ಳೆಯ ದನಿಯಲ್ಲೇ ಕೇಳಿದರು.

"ತಮ್ಮಾ, ಎಲೆ ತೆಗೆದೆಯಾ?"

"ತೆಗೆದೆ" ಅಂದ. ನಿಜ ತಾನೇ, ಎಲೆ ತೆಗೆದದ್ದು ಅವನೇ.

"ಬೇರೆಯವರು ಹೇಳಿ ಕಳಿಸಿದರೋ, ನೀನೇ ಹೋದೆಯೋ?"

"ನೀನೇ ಹೋದೆ" ಅಂದ.

ನಾನು ಗೋಡೆ ಬಿಟ್ಟು ಮುಂದೆ ಬಂದೆ. ಹಾಗೆ ಕೇಳಬೇಡಿ, ಅವನು ಕೊನೆಯ ಮಾತನ್ನೇ ಹೇಳುತ್ತಾನೆ, ತಿರುಗಿಸಿ ಕೇಳಿ ನೋಡಿ ಅಂದೆ. ಮೊನ್ನೆ ಬೆಳಗ್ಗೆ ಅವನು ತೋರಿಸಿದ್ದನ್ನೆಲ್ಲ ಹೇಳಿದೆ, ವ್ಯಾನಿನ ಜಾಗದ ಸಮೇತ. ಅವನು ಎಂದಾದರೂ ಒಬ್ಬನೇ ಶೆಡ್ಡಿಗೆ ಹೋಗಿದ್ದನ್ನು ಯಾರಾದರೂ ಕಂಡಿದ್ದೀರಾ, ಕದ್ದ ಎಲೆಯನ್ನು ಅವನು ಬೇಯಿಸಿ ತಿಂದನೇ ಎಂದು ಕೇಳಿದೆ. ಒಬ್ಬ ಮುದುಕರು, "ಅವ ಎಲ್ಲಿ ಬೇಕಾದರೂ ನಡೆದುಹೋಪ, ಅದ ಒಂದು ಸಾಕ್ಷಿಯಾ ಅಕ್ಕಾ?" ಎಂದು ನಕ್ಕರು. ಮಾಮ ಎದ್ದು ನಿಂತು ಕೈ ಮುಗಿದ. "ಪಾಪ, ಅವನಗ ಏನ ಗೊತ್ತು. ಎನ್ನ ಹೆಸರ ಹೇಳಿದರೂ ಎನಗ ಬೇಜಾರಿಲ್ಲೆ. ಬುಟ್ಟುಬುಡಿ ಅವನ" ಅಂದ. ಸುತ್ತ ಕೂತವರು ಎಂಥ ಒಳ್ಳೆಯ ಮನುಷ್ಯ ಎಂದು ತಲೆದೂಗಿದರು. ನನಗೆ ಅವನ ನಾಲಿಗೆ ಹಿಡಿದು ಎಳೆಯಬೇಕು ಅನ್ನಿಸಿತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ಅನ್ನಿಸಿತು.

ಆಗ ಗೌಡರು ಎದ್ದು ತಮ್ಮನ ಎದುರಿಗೆ ಬಂದರು. ಹಿರಿಯರು ಎದುರಿಗೆ ಬಂದರಲ್ಲ, ಅವನು ಟೋಪಿ ತೆಗೆದು ತಲೆ ಬಗ್ಗಿಸಿದ.

"ಒಪ್ಪಿದ" ಎಂದಿತು ಕೂಟ. ಒಬ್ಬರಲ್ಲ, ಎಲ್ಲರೂ. ತಪ್ಪು ಮಾಡಿದವನು ಕೂಟದಲ್ಲಿ ತಲೆ ಬಗ್ಗಿಸಿದರೆ ತಪ್ಪೊಪ್ಪಿಕೊಂಡ ಹಾಗೆ. ಹುಟ್ಟಿದಾಗಿನಿಂದ ಅವನು ಹಾದಿಬೀದಿಯಲ್ಲಿ ಇವರಿಗೆಲ್ಲ ಬಗ್ಗುವುದನ್ನು ನೋಡಿದವರೇ ಇವರು. ಆ ಬೆಳಗ್ಗೆ ಗುಡಿಗೆ ಬರುವ ದಾರಿಯಲ್ಲೇ ಅವರಲ್ಲಿ ಎಷ್ಟೋ ಜನರಿಗೆ ಬಗ್ಗಿ ಬಂದಿದ್ದ. ಅದು ನಮಸ್ಕಾರ, ಇದು ತಪ್ಪೊಪ್ಪಿಗೆ! ಗೌಡರು ಅವನ ನೆತ್ತಿಯ ಮೇಲೆ ಕೈ ಇಟ್ಟು, "ಒಳ್ಳೆದಾಗಲಿ. ಊರು ಮನ್ನಿಸಿತು" ಅಂದರು. ಅಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳು, ದುಃಖಕ್ಕಲ್ಲ, ಉಪಕಾರ ಸ್ಮರಣೆಗೆ. ನಾನು ಅದು ತಪ್ಪೊಪ್ಪಿಗೆ ಅಲ್ಲ ಎಂದು ಗಂಟಲು ಹರಿಯುವಂತೆ ಕೂಗಿದೆ. ಮನ್ನಿಸಿಯೂ ಆಯಿತಲ್ಲ, ಇನ್ನೇನು ನಿನ್ನ ರಗಳೆ ಅಂದರು.

ಮಾಡದ ತಪ್ಪಿಗೆ ಸಿಗುವ ಕ್ಷಮೆಯಂಥ ಅವಮಾನ ಇನ್ನೊಂದಿಲ್ಲ. ಬೈದಿದ್ದರೆ ಎದುರು ಬೈಯಬಹುದಿತ್ತು. ಇವರು ದೊಡ್ಡ ಮನಸ್ಸು ಮಾಡಿಬಿಟ್ಟರು. ಅವತ್ತಿನಿಂದ ತಮ್ಮ ಹಾದಿಯಲ್ಲಿ ಹೋದರೆ ಹೆಂಗಸರು ಅಂಗಳದ ಎಲೆಚೀಲ ಒಳಗೆ ಎಳೆದುಕೊಳ್ಳತೊಡಗಿದರು.

ಅದೇ ವಾರ ಮಾಮ ಮತ್ತೆ ನಮ್ಮ ಬೇಲಿಯ ಹತ್ತಿರ ನಿಂತು "ಬಾ ತಮ್ಮಾ" ಎಂದು ಕೂಗಿದ. ಎಷ್ಟು ಗಟ್ಟಿ ಎದೆ ಇರಬೇಕು! ತಮ್ಮ ಚಪ್ಪಲಿ ಹುಡುಕುತ್ತಿದ್ದ. ನಾನು ಬೇಲಿಗೆ ಹೋಗಿ ಮಾಮನ ಜನ್ಮ ಜಾಲಾಡಿದೆ, ಅವನು ನಗುತ್ತ ಹೊರಟುಹೋದ. ಒಳಗೆ ಬಂದು ಕೂತಾಗ ನನಗೆ ಹೆದರಿಕೆಯಾಯಿತು. ನಾನು ಅಂಗಡಿಗೆ ಹೋದಾಗ? ಇವತ್ತು ಟೀ ಎಲೆ. ನಾಳೆ ಕಾಡಿನಿಂದ ಏನನ್ನೋ ಚೀಲಕ್ಕೆ ತುಂಬಿ ಇದನ್ನು ಹೊತ್ತು ನಡೆ ಎಂದರೆ ಇವನು ಹೊತ್ತು ನಡೆಯುತ್ತಾನೆ. ಚೆಕ್‌ಪೋಸ್ಟಿನಲ್ಲಿ ಹಿಡಿದರೆ ಅಲ್ಲಿಯ ದೊಡ್ಡವರಿಗೂ ಟೋಪಿ ತೆಗೆದು ಬಗ್ಗುತ್ತಾನೆ, ಕೇಳಿದ್ದಕ್ಕೆಲ್ಲ ಹೌದು ಅನ್ನುತ್ತಾನೆ. ಅಲ್ಲಿ ಮನ್ನಿಸಲು ಗೌಡರಿರುವುದಿಲ್ಲ.

ಊಟಿಯ ತರಬೇತಿಯ ಹೆಂಗಸಿಗೆ ಫೋನ್ ಮಾಡಿದೆ. ಆಕೆ ಪಾಪ ನೆನಪಿಟ್ಟುಕೊಂಡಿದ್ದರು, ಪ್ರಾಜೆಕ್ಟ್ ಮುಗಿಯಿತು ಅಂದರು. ಎಂಥ ಪ್ರಾಜೆಕ್ಟ್! ಕಪ್ಪು ಕನ್ನಡಕದವನನ್ನು ತೋರಿಸಿ ಹೆದರಿಸಿ, ಉಣ್ಣೆ ಟೋಪಿ ಕೊಡುವವನ ಕೈಗೆ ಒಪ್ಪಿಸಿ ಹೋದರು. ನಮ್ಮ ಮಕ್ಕಳಿಗೆ ಕೇಡು ಮಾಡುವವನಿಗೆ ಕಾರು ಬೇಕಿಲ್ಲ, ನಮ್ಮ ಮನೆಯ ಕಾಫಿ ಕುಡಿದು ಎದ್ದು ಹೋಗುವಾಗಲೇ ಮಾಡುತ್ತಾನೆ. ಇದನ್ನು ಹೇಳಲು ಚಿತ್ರ ಬಿಡಿಸುವವರು ಸಿಗಲಿಲ್ಲವಂತೆ.

ಇನ್ನು ನಾನೇ ಕಲಿಸಬೇಕಾಯಿತು. ಮೊದಲು ನಮ್ಮ ತೋಟದ ಅಂಚಿನ ಸಿಲ್ವರ್ ಓಕ್ ಮರಗಳಿಗೆಲ್ಲ ನೀಲಿ ಬಣ್ಣ ಬಳಿದೆ. ನೀಲಿ ಮರದ ಆಚೆ ಎಲೆ ಮುಟ್ಟಬಾರದು, ಯಾರು ಹೇಳಿದರೂ. ಒಳ್ಳೆಯವರು ಕೆಟ್ಟವರು ಎಂಬ ಲೆಕ್ಕ ಅವನಿಗೆ ಬೇಡ. ಮರ ಕಣ್ಣಿಗೆ ಕಾಣುತ್ತದೆ. ಇದನ್ನು ಅವನು ಬೇಗ ಹಿಡಿದ. ಕಷ್ಟದ್ದು ಬೇರೆ ಇತ್ತು. ಯಾರು ಕರೆದರೂ ಅಕ್ಕನನ್ನು ಕೇಳು ಎಂದು ಕಲಿಸಲು ಹೊರಟೆ. ಅವನು ಕೂಡಲೇ ಒಪ್ಪಿಕೊಂಡ. ಅವನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನೋಡಿ ಇದೂ ಬೇಡವೆನ್ನಿಸಿತು. ಇಷ್ಟು ದಿನ ಎಲ್ಲರ ಮಾತು ಕೇಳುತ್ತಿದ್ದ, ಇನ್ನು ನನ್ನೊಬ್ಬಳದು ಕೇಳುತ್ತಾನೆ. ನಾಳೆ ನಾನೂ ಇಲ್ಲವಾದರೆ? ಅವನಿಗೆ ನನಗೂ ಬೇಡ ಅನ್ನಲು ಬರಬೇಕು.

ಅಡುಗೆಮನೆಯಲ್ಲಿ ದಿನಾ ಸಂಜೆ ಪಾಠ. ನಾನು ಮಾಮನ ಹಾಗೆ ನಗುತ್ತ, "ಬಾ ತಮ್ಮಾ" ಎನ್ನುವುದು, ಅವನು ಎದೆಯ ಮೇಲೆ ಎರಡೂ ಕೈ ಕಟ್ಟಿ ನೆಟ್ಟಗೆ ನಿಂತು "ಬಾರೆ", ಅಂದರೆ ಬರುವುದಿಲ್ಲ, ಎನ್ನುವುದು. ಎದೆಯ ಮೇಲೆ ಕೈ ಕಟ್ಟಿದರೆ ಟೋಪಿ ತೆಗೆಯಲಾಗದು, ಅದಕ್ಕೇ ಆ ಉಪಾಯ. ಮೊದಮೊದಲು ಬಾರೆ ಎಂದು ಹೇಳುತ್ತಲೇ ನನ್ನ ಹಿಂದೆ ಬರುತ್ತಿದ್ದ. ನಾನು ನಗಲೋ ಅಳಲೋ ತಿಳಿಯದೆ ಸೌಟು ಎಸೆದದ್ದೂ ಉಂಟು. ನಿನ್ನ ತಟ್ಟೆ ಕೊಡು ಎಂದೆ, ನಿನ್ನ ಹಾಸಿಗೆ ನನಗೆ ಬಿಡು ಎಂದೆ. ತಟ್ಟೆಯ ವಿಷಯದಲ್ಲಿ ಅವನಿಗೆ ಬೇಡ ಎನ್ನುವುದು ಸಲೀಸಾಗಿ ಬಂತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಅಮ್ಮ ಒಲೆಯ ಮುಂದೆ ಗೊಣಗುತ್ತಿದ್ದಳು. "ಹಿರಿಯರಿಗೆ ಬಾರೆ ಹೇಳ ಕಲಿಸುವೆಯಾ? ಮನೆ ಹಾಳಾಗದಾ?" ಮನೆ ಆಗಲೇ ಹಾಳಾಗಿದೆಯಮ್ಮಾ, ನಿನಗೆ ಮಾತ್ರ ಕಾಣುತ್ತಿಲ್ಲ ಎಂದು ರೇಗಿದೆ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಒಂದು ಸಾವಿನ ಮನೆಯಲ್ಲಿ ಅದು ಹೊರಬಿತ್ತು. ಗೌಡರು ಎದುರಿಗೆ ಬಂದು ಎಂದಿನಂತೆ ಕೈ ಎತ್ತಿದರು. ತಮ್ಮ ಎದೆಯ ಮೇಲೆ ಕೈ ಕಟ್ಟಿ ನೆಟ್ಟಗೆ ನಿಂತ. ಗೌಡರ ಕೈ ಗಾಳಿಯಲ್ಲೇ ಉಳಿಯಿತು. ಕಳ್ಳತನವನ್ನು ಅರ್ಧ ತಾಸಿನಲ್ಲಿ ಮನ್ನಿಸಿದ ಊರು ಇದಕ್ಕೆ ಕೆಂಡವಾಯಿತು. ಅಕ್ಕ ಕಲಿಸಿದ್ದು, ಬಜಾರಿನ ಸೊಕ್ಕು, ಪಾಪದವನ ತಲೆ ಕೆಡಿಸಿದಳು ಎಂದರು. ಮತ್ತೆ ಕೂಟ ಸೇರಿತು. ಈ ಸಲ ಅಪರಾಧಿ ನಾನು.

ಗೌಡರಿಗೆ ದೊಡ್ಡ ಶಿಕ್ಷೆ ಕೊಡುವ ಇಷ್ಟವೇನೂ ಇರಲಿಲ್ಲ. "ನೀ ಹೇಳಿದರೆ ಅವ ಕೇಳುವ. ಬಗ್ಗು ಅಂತ ಒಂದು ಮಾತ ಹೇಳು. ಎಲ್ಲ ಸರಿಹೋಪುದು" ಅಂದರು. ಹೇಳದಿದ್ದರೆ ನಮ್ಮ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಬರುವುದಿಲ್ಲ, ಅದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಮ್ಮ ನನ್ನ ಕೈ ಹಿಸುಕುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಅವನು ಬಗ್ಗುತ್ತಿದ್ದ, ಅಷ್ಟು ಸಂಜೆಗಳು ನೀರಿಗೆ ಬಿದ್ದ ಹಾಗೆ ಆಗುತ್ತಿದ್ದವು. "ಹೇಳುವುದಿಲ್ಲ" ಅಂದೆ. ಗದ್ದಲವಾಯಿತು.

ಎಲ್ಲರನ್ನೂ ಸಮಾಧಾನ ಮಾಡಲು ಎದ್ದವನು ಮಾಮನೇ. ನಗುತ್ತ ತಮ್ಮನ ಹತ್ತಿರ ಹೋದ. "ಎನಗ ಬಗ್ಗುವ. ಎನ್ನ ತಮ್ಮ ತಾನೇ? ಬಾ ತಮ್ಮಾ" ಎಂದು ನೆತ್ತಿಯ ಕಡೆಗೆ ಕೈ ಚಾಚಿದ.

ತಮ್ಮ ಕೈ ಕಟ್ಟಿದ. "ಬಾರೆ" ಅಂದ. ಆಮೇಲೆ ನಾನು ಕಲಿಸದ ಮಾತು ಅವನ ಬಾಯಿಂದ ಬಂತು. ಅವನದಲ್ಲದ ದನಿಯಲ್ಲಿ, ಮಾಮನದೇ ರಾಗದಲ್ಲಿ, ಮಾಮನದೇ ನಗುವಿನ ಎಳೆ ಸೇರಿಸಿ: "ಬೇಗ ಬೇಗ ತೆಗೆ ತಮ್ಮಾ. ಕೆಳಗ ಸಾಲಿಂದ ತೆಗೆ. ದೊಡ್ಡಮ್ಮ ಇನ್ನೂ ಎದ್ದಿಲ್ಲೆ." ಕಿವಿಗೆ ಬಿದ್ದ ಮಾತನ್ನು ಎಷ್ಟೋ ದಿನ ಒಳಗಿಟ್ಟುಕೊಂಡು ಹೀಗೆ ಹೇಳಿದವರ ದನಿಯಲ್ಲೇ ಹೊರಹಾಕುವುದು ಅವನಿಗೆ ಅಭ್ಯಾಸ, ಟಿ.ವಿ. ಜಾಹೀರಾತನ್ನೂ ಹಾಗೆಯೇ ಒಪ್ಪಿಸುತ್ತಾನೆ. ಹಟ್ಟಿಯ ಪ್ರತಿಯೊಬ್ಬರಿಗೂ ಅದು ಗೊತ್ತು. ಅವನ ಆ ಅನುಕರಣೆ ಕೇಳಿ ನಗದವರು ಯಾರೂ ಇಲ್ಲ. ಅವತ್ತು ಯಾರೂ ನಗಲಿಲ್ಲ.

ಮಾಮ ಚಾಚಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. ಗೌಡರು ಗಂಟಲು ಸರಿಮಾಡಿಕೊಂಡು, "ಬುಡಿ, ಅವನ ಮಾತ ಒಂದು ಮಾತು ಅಂತ ಹಿಡಿವದಾ?" ಅಂದರು.

"ಅವನು ತಲೆ ಬಗ್ಗಿಸಿದಾಗ ಅದು ಸಾಕ್ಷಿಯಾಗಿತ್ತು ನಿಮಗೆ. ಈಗ ಬಾಯಿಬಿಟ್ಟಿದ್ದಾನೆ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಮ್ಮ ನನ್ನ ಕೈ ಬಿಟ್ಟು, ಹೋಗಿ ತಮ್ಮನ ಪಕ್ಕ ನಿಂತಳು.

ಗೋಡೆಯ ಬದಿಯಿಂದ ದೊಡ್ಡಮ್ಮ ಕುಂಟುತ್ತ ಬಂದಳು. ಗಂಡಸರು ಕೂತಿದ್ದ ಸಾಲುಗಳ ನಡುವೆ ಹಾದು, ಯಾರನ್ನೂ ದಾರಿ ಕೇಳದೆ, ಮಾಮನ ಎದುರಿಗೆ ನಿಂತಳು.

"ನಾ ಎದ್ದಿಲ್ಲೆ ಅಂತ ನಿನಗ ಹೇಗ ಗೊತ್ತು?" ಎಂದು ಕೇಳಿದಳು.

ಮಾಮ ಗೌಡರ ಮುಖ ನೋಡಿದ. ಗೌಡರು ಹೊದಿಕೆ ಕೊಡವಿ ಎದ್ದು, ಕೂಟ ಮುಗಿಯಿತು ಅಂದರು. ಗಂಡಸರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ದೊಡ್ಡಮ್ಮ ಅಲ್ಲಿಂದ ಅಲುಗಲಿಲ್ಲ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಕೇಳಿದಳು. ನಾವು ಮೂವರೂ ಹೋಗಿ ಅವಳ ಪಕ್ಕ ನಿಂತೆವು.